ಗೋಳಿಬಜೆ ತಿಂದು ಹೋದ ವಿಚಾರಣೆ

ಜುಲೈ ತಿಂಗಳ ಮೊದಲ ಬುಧವಾರ, ಬೆಳಿಗ್ಗೆ ಹತ್ತು ಗಂಟೆ. ಆಂಟಾಪ್ ಹಿಲ್‌ನ ನಮ್ಮ ಮನೆಯ ಹೊರಕೋಣೆಯಲ್ಲಿ ಹಾಜರಿದ್ದವರು ನಾನು, ನನ್ನ ಅಕ್ಕ, ಮತ್ತು ಪಕ್ಕದ ಮನೆಯ ಬಿಜಾಪುರ ಕಡೆಯ ಹೆಂಗಸು. ಹನ್ನೊಂದಕ್ಕೆ ಧರ್ಮಾರ್ಥ ಟ್ರಸ್ಟಿನ ಹುಡುಗಿ ಎರಡನೆಯ ಸಲ ವಿಚಾರಣೆಗೆ ಬರುವವಳಿದ್ದಳು. ಡಬ್ಬಿಯಲ್ಲಿ ಉಳಿದದ್ದು ಅಕ್ಕ ಆ ರಾತ್ರಿ ನುಂಗಬೇಕಾದ ಮಾತ್ರೆ ಮಾತ್ರ. ಮರುದಿನಕ್ಕೆ ಇರಲಿಲ್ಲ.

ಅಕ್ಕನದು ರಕ್ತದ ಕಾಯಿಲೆ. ಮೊದಲು ನುಂಗುತ್ತಿದ್ದ ಅಗ್ಗದ ಮಾತ್ರೆ ಕಳೆದ ವರ್ಷ ಹಿಡಿತ ಕಳೆದುಕೊಂಡಿತು. ಡಾಕ್ಟರು ಹೊಸದು ಬರೆದುಕೊಟ್ಟರು. ಅದನ್ನು ದಿನವೂ ತಪ್ಪದೆ ನುಂಗಿದರೆ ಆಕೆ ಎಲ್ಲರ ಹಾಗೆ ಓಡಾಡಿಕೊಂಡಿರಬಹುದು, ಬಿಟ್ಟರೆ ಕಾಯಿಲೆ ತಿರುಗಿ ತಲೆಯೆತ್ತುತ್ತದೆ. ಆದರೆ ಒಂದು ತಿಂಗಳಿಗೆ ಸಾಲುವ ಒಂದು ಡಬ್ಬಿಯ ಬೆಲೆಯಲ್ಲಿ ನಮ್ಮಿಬ್ಬರ ಸಂಸಾರ ಮೂರು ತಿಂಗಳು ನಡೆಯುತ್ತದೆ. ಡಬ್ಬಿ ಒಡೆದು ಬಿಡಿಯಾಗಿ ಯಾರೂ ಮಾರುವುದಿಲ್ಲ. ಕೆಲವು ತಿಂಗಳು ಉಳಿತಾಯದಿಂದ ಕೊಂಡೆ. ಆಮೇಲೆ ಠೇವಣಿ ಮುರಿಸಿದೆ. ಅದೂ ಮುಗಿಯುತ್ತ ಬಂದಾಗ ಹೊರಗೆ ಕೇಳುವುದೆಂದು ನಿಶ್ಚಯಿಸಿದೆ.

ನಾನು ವಿಲೆ ಪಾರ್ಲೆ ಸ್ಟೇಷನ್ ಪಕ್ಕದ ಉಡುಪಿ ಹೋಟೆಲಿನಲ್ಲಿ ತಟ್ಟೆ ತೊಳೆಯುವುದರಿಂದ ಶುರುಮಾಡಿ ಮ್ಯಾನೇಜರ್ ಆಗಿ ಕೆಲಸ ಬಿಟ್ಟವನು. ಒಲೆ ಹತ್ತುವ ಮೊದಲೇ ದಿನದ ಕೆಲಸ ಗೊತ್ತಿರಬೇಕೆಂಬುದು ಅಲ್ಲಿಯ ಶಿಸ್ತು. ಸಹಾಯವನ್ನೂ ಹಾಗೆಯೇ ಹುಡುಕಿದೆ, ದಿನಕ್ಕೊಂದು ಬಾಗಿಲಿನಂತೆ. ವಿಮೆಯವರು ಅಕ್ಕನ ವಯಸ್ಸು ಕೇಳಿ ಕೈಮುಗಿದರು. ಸರ್ಕಾರದ ಅಗ್ಗದ ಔಷಧಿ ಅಂಗಡಿಯಲ್ಲಿ ಈ ಮಾತ್ರೆ ಬಂದೇ ಇರಲಿಲ್ಲ. ಔಷಧಿ ಕಂಪನಿಗೆ ಫೋನ್ ಮಾಡಿದರೆ ಬಹಳ ಹೊತ್ತು ಸಂಗೀತ ಕೇಳಿಸಿ, ಕಡೆಗೆ ಲೈನ್ ಕಡಿದುಹೋಗುತ್ತಿತ್ತು. ಕೊನೆಗೆ ಆಸ್ಪತ್ರೆಯಲ್ಲಿ ಬಡರೋಗಿಗಳ ವ್ಯವಸ್ಥೆ ನೋಡುವ ಹೆಂಗಸೊಬ್ಬರು ಈ ಟ್ರಸ್ಟಿನ ದಾರಿ ತೋರಿಸಿದರು. ಅರ್ಧ ಬೆಲೆ ನಾನು ಹೊಂದಿಸುತ್ತೇನೆ, ಉಳಿದರ್ಧ ನೀವು ಕೊಡಿ ಎಂದು ಅಲ್ಲಿ ಕೇಳಿದೆ. ಮನೆ ನೋಡಿ ತೀರ್ಮಾನಿಸುತ್ತೇವೆ ಎಂದರು.

ಕೆಲಸ ಕೆಟ್ಟದ್ದು ಆ ಮನೆ ನೋಡುವುದರಲ್ಲಿಯೇ.

ನಮ್ಮಲ್ಲಿ ಮನೆಗೆ ಬಂದವರ ಮುಂದೆ ತಿಂಡಿ ಇಡುವುದು ಯೋಚಿಸಿ ಮಾಡುವ ಕೆಲಸವಲ್ಲ. ಬಾಗಿಲಲ್ಲಿ ಚಪ್ಪಲಿ ಕಂಡರೆ ಬಾಣಲೆ ಒಲೆಯ ಮೇಲೆ ಏರಿರುತ್ತದೆ. ಮೊದಲ ಸಲ ಟ್ರಸ್ಟಿನವರು ಬರುತ್ತಾರೆಂದು ಅಕ್ಕ ಹಿಂದಿನ ದಿನವೇ ನೆಲ ತಿಕ್ಕಿಸಿ, ಪಕ್ಕದ ಮನೆಯಿಂದ ಫಳಫಳ ಹೊಳೆಯುವ ಹೊಸ ತಟ್ಟೆಗಳನ್ನು ತಂದಿಟ್ಟಿದ್ದಳು. ನಾನೂ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕೂತಿದ್ದೆ. ಬಂದವಳು ಪವಾಯಿಯಲ್ಲಿ ಬೆಳೆದ ಹುಡುಗಿ. ತಾಯಿಯ ಕಡೆಯವರು ಮಂಗಳೂರಿನವರಂತೆ.

"ಪೇಶೆಂಟ್ ಎಲ್ಲಿ ಅಂಕಲ್?" ಎಂದು ಕೇಳಿದಳು.

ಅಕ್ಕ ಒಳಗಿನಿಂದ ತಟ್ಟೆ ತುಂಬ ಗೋಳಿಬಜೆ, ಪಕ್ಕದಲ್ಲಿ ಚಟ್ನಿ ಹಿಡಿದುಕೊಂಡು ಬಂದಳು. "ನಾನೇ ಮಗಾ. ಮೊದ್ಲು ತಿನ್ನು, ಆಮೇಲೆ ಕೇಳು. ಬಿಸಿ ಉಂಟು."

ಹುಡುಗಿ ತಿಂದಳು. ಅಕ್ಕ ಮತ್ತೆ ಬಡಿಸಿದಳು. ಊರಿನ ಸುದ್ದಿ, ಅವಳ ಅಜ್ಜಿಯ ಮನೆ ಎಲ್ಲಿ, ಮೀನು ತಿನ್ನುತ್ತಾರೋ ಇಲ್ಲವೋ, ಎಲ್ಲ ವಿಚಾರಣೆಯೂ ಆಯಿತು. ಮಾಡಿದವಳು ಅಕ್ಕ. ಹುಡುಗಿ ಕೇಳಬೇಕಾದ್ದನ್ನು ಅರ್ಧದಷ್ಟೂ ಕೇಳದೆ ಕಾಫಿ ಕುಡಿದು ಎದ್ದಳು.

ಎರಡು ದಿನ ಬಿಟ್ಟು ಟ್ರಸ್ಟಿನಿಂದ ಫೋನ್ ಬಂತು. ಮನೆಯ ಸ್ಥಿತಿ ಚೆನ್ನಾಗಿದೆ, ರೋಗಿಯೂ ಚಟುವಟಿಕೆಯಿಂದ ಇದ್ದಾರೆ, ಸಹಾಯ ಕೊಡಲಾಗುವುದಿಲ್ಲ.

"ಬಾಣಲೆ ಖಾಲಿ ಮಾಡಿ ಹೋದಳಲ್ಲ ಮಾರಾಯ," ಎಂದಳು ಅಕ್ಕ. "ಉಪ್ಪು ಕಮ್ಮಿ ಅಂತ ಬರೆದಿದ್ರೂ ಬೇಜಾರಿರ್ಲಿಲ್ಲ."

ಮರುದಿನ ನಾನು ಟ್ರಸ್ಟಿನ ಕಚೇರಿ ತೆರೆಯುವ ಮೊದಲೇ ಅದರ ಮೆಟ್ಟಿಲ ಮೇಲಿದ್ದೆ. ಇನ್ನೊಮ್ಮೆ ಮನೆ ನೋಡಬೇಕೆಂದು ಕೇಳಿದೆ. ಅಲ್ಲಿಯ ಕಾರ್ಯದರ್ಶಿ, "ಮತ್ತೆ ಬಂದ್ರೆ ಬೇರೆ ಏನು ಕಾಣ್ತದೆ?" ಎಂದರು.

"ಈ ಸಲ ತಟ್ಟೆ ನೋಡ್ಲಿಕ್ಕೆ ಬರೋದು ಬೇಡ," ಎಂದೆ. "ನಿಮ್ಮ ಹುಡುಗಿ ನಮ್ಮ ಮನೆಯಲ್ಲಿ ಕೂತು, ಅಕ್ಕನ ಎದುರಿಗೇ ಡಾಕ್ಟರ ಹತ್ರ ಮಾತಾಡ್ಲಿ. ಔಷಧಿ ಬೇಡ ಅಂತ ಡಾಕ್ಟರೇ ಹೇಳಿದ್ರೆ ನಾನು ಮತ್ತೆ ಈ ಮೆಟ್ಟಿಲು ಹತ್ತುವುದಿಲ್ಲ."

ಅವರು ಒಪ್ಪುವವರೆಗೆ ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಅಲ್ಲಿಂದ ನೇರ ಆಸ್ಪತ್ರೆಗೆ ಹೋಗಿ, ಬುಧವಾರ ಹನ್ನೊಂದೂವರೆಗೆ ಫೋನ್ ಎತ್ತುವುದಾಗಿ ಡಾಕ್ಟರಿಂದ ಮಾತು ತೆಗೆದುಕೊಂಡೆ.

ಹೀಗೆ ಆ ಬುಧವಾರ ಬಂದಿತ್ತು. ಪಕ್ಕದ ಮನೆಯಾಕೆ ಬಂದದ್ದು ಬುದ್ಧಿ ಹೇಳಲಿಕ್ಕೆ.

"ನಾ ಹೇಳೂದು ಕೇಳ್ರಿ ಅಣ್ಣಾರ. ಆ ಬಿಳಿ ಅಂಗಿ ತಗೀರಿ. ಅಕ್ಕಾರಿಗೆ ಹರಕ ಸೀರಿ ಉಡಿಸಿ ಚಾಪಿ ಮ್ಯಾಲ ಮಲಗಸ್ರಿ. ಆ ಹುಡುಗಿ ಬಂದಾಗ ಒಂದೀಟು ನರಳಲಿ."

"ನಾನೆಂತ ನಾಟಕ ಕಂಪನಿಯವಳಾ?" ಎಂದಳು ಅಕ್ಕ. "ನಿನಗೆ ನರಳ್ಲಿಕ್ಕೆ ಬರ್ತದಾದ್ರೆ ನೀನೇ ಮಲಗು."

"ನನಗ್ಯಾಕ? ನಿಮ್ಮ ಕೆಲಸ ಕೆಡಿಸಿದ್ದು ನನ್ನ ತಾಟು ಅಂತ ಮನಸ್ಸಿಗೆ ಹತ್ತೇತಿ, ಅದಕ್ಕ ಹೇಳಿದೆ."

ಅಂಗಿ ಬದಲಾಯಿಸುವುದಿಲ್ಲವೆಂದು ನಾನು ಹೇಳಿದೆ. ನಾವು ಕೇಳುತ್ತಿರುವುದು ಔಷಧಿ, ಅನ್ನವಲ್ಲ. ಇಸ್ತ್ರಿ ಅಂಗಿ ತೊಟ್ಟವನ ಅಕ್ಕನಿಗೂ ಮಾತ್ರೆ ಬೇಕಾಗುತ್ತದೆ ಎನ್ನುವುದು ಟ್ರಸ್ಟಿಗೆ ಅರ್ಥವಾಗಬೇಕು. ಆದರೆ ಇವತ್ತು ಬಾಣಲೆ ಇಡುವಂತಿಲ್ಲ, ಕಾಫಿ ಮಾತ್ರ ಎಂದೂ ಅಪ್ಪಣೆ ಮಾಡಿದೆ. ಅಕ್ಕ ಒಳಗೆ ಹೋದಳು.

ಹುಡುಗಿ ಹೊತ್ತಿಗೆ ಸರಿಯಾಗಿ ಬಂದಳು. ಕಣ್ಣೆತ್ತಿ ಅಕ್ಕನನ್ನು ನೋಡಲು ಅವಳಿಗೆ ಕಷ್ಟವಾಗುತ್ತಿತ್ತು.

"ಆಂಟಿ, ನಾನು... ಜೋ ದೇಖಾ, ಕಂಡದ್ದು, ಅದೇ ಬರೆದೆ. ಝೂಟ್ ಬರೆದಿಲ್ಲ."

"ಸುಳ್ಳು ಅಂತ ಯಾರು ಹೇಳಿದ್ರು? ಕೂತ್ಕೋ," ಎಂದಳು ಅಕ್ಕ.

"ವೋ ಪ್ಲೇಟ್ಸ್ ನೋಡಿ ನನಗೆ ಲಗಾ ಕಿ ದುಡ್ಡಿನವರು..."

"ಅವು ನನ್ನವು," ಎಂದು ಪಕ್ಕದ ಮನೆಯಾಕೆ ಬಾಗಿಲಿನಿಂದಲೇ ಹೇಳಿದಳು. "ಇನ್ನೂ ವಾಪಸ್ ಬಂದಿಲ್ಲ."

ಹನ್ನೊಂದೂವರೆಗೆ ನಾನು ಡಾಕ್ಟರಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಮಾಡಿ, ಮೇಜಿನ ಮೇಲಿಟ್ಟೆ. ಹುಡುಗಿ ಹಿಂದಿಯಲ್ಲಿ ಕೇಳಿದಳು: ರೋಗಿ ಅಡುಗೆ ಮಾಡುತ್ತಾರೆ, ನಡೆಯುತ್ತಾರೆ, ನಗುತ್ತಾರೆ, ಇಷ್ಟು ದುಬಾರಿ ಔಷಧಿ ನಿಜವಾಗಿ ಬೇಕೇ? ಡಾಕ್ಟರು ಬೇಸರಪಡದೆ ಉತ್ತರ ಕೊಟ್ಟರು: ನೀವು ನೋಡುತ್ತಿರುವುದು ಔಷಧಿ ಮಾಡಿದ ಕೆಲಸವನ್ನು. ನಿಲ್ಲಿಸಿದರೆ ಮೊದಲು ರಕ್ತಪರೀಕ್ಷೆಯಲ್ಲಿ ಕಾಣಿಸುತ್ತದೆ, ಆಮೇಲೆ ಮೈಮೇಲೆ. ಮೈಮೇಲೆ ಕಂಡ ಮೇಲೆ ಕೊಟ್ಟರೆ ಇದೇ ಮಾತ್ರೆ ಇಷ್ಟೇ ಕೆಲಸ ಮಾಡುತ್ತದೆಂದು ನಾನು ಹೇಳಲಾರೆ.

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಆಕೆಯೂ ಇದನ್ನು ಇಷ್ಟು ಬಿಡಿಸಿ ಕೇಳಿದ್ದು ಅದೇ ಮೊದಲು.

"ಸ್ಟಾಕ್ ಎಷ್ಟು ಉಂಟು ಅಂಕಲ್?" ಎಂದಳು ಹುಡುಗಿ.

ಡಬ್ಬಿ ತೆರೆದು ತೋರಿಸಿದೆ. ಅವಳು ಅಲ್ಲಿಯೇ ಕೂತು ಹೊಸ ವರದಿ ಬರೆದಳು. ಡಾಕ್ಟರು ಹೇಳಿದ್ದನ್ನು ಒಂದೊಂದು ಮಾತೂ ಸೇರಿಸಿ, ನನಗೆ ಓದಿ ಹೇಳಿದಳು. ಕಾಫಿ ಕೊಟ್ಟರೆ ಕುಡಿಯಲು ಹಿಂದೆಮುಂದೆ ನೋಡಿದಳು.

"ಕುಡಿ," ಎಂದಳು ಅಕ್ಕ. "ಲೋಟ ನಮ್ಮದೇ. ಬೇಕಾದ್ರೆ ಅದನ್ನೂ ಬರಿ."

ಅವಳು ನಕ್ಕು ಕುಡಿದು ಹೋದಳು.

ಮಧ್ಯಾಹ್ನ ಅಕ್ಕ ಮಲಗಲಿಲ್ಲ, ನಾನೂ ಮಲಗಲಿಲ್ಲ. ನಾಲ್ಕರ ಸುಮಾರಿಗೆ ಕಾರ್ಯದರ್ಶಿಯೇ ಫೋನ್ ಮಾಡಿದರು. ಅರ್ಧ ಬೆಲೆ ಟ್ರಸ್ಟಿನದು, ಸದ್ಯಕ್ಕೆ ಆರು ತಿಂಗಳು. ಆಮೇಲೆ ಮತ್ತೆ ನೋಡೋಣ ಎಂದರು. ವಿಲೆ ಪಾರ್ಲೆಯ ಔಷಧಿ ಅಂಗಡಿಗೆ ಅವರು ಹೇಳಿಯಾಗಿತ್ತು. ನಾನು ಕೊಡೆ ತೆಗೆದುಕೊಂಡು ವಡಾಳಾದಿಂದ ಅಂಧೇರಿ ಲೋಕಲ್ ಹಿಡಿದೆ.

ಠೇವಣಿಯಲ್ಲಿ ಉಳಿದಿದ್ದ ದುಡ್ಡಿನಿಂದ ನನ್ನ ಅರ್ಧ ಕೊಟ್ಟು ಡಬ್ಬಿ ತೆಗೆದುಕೊಂಡ ಮೇಲೆ ಅಲ್ಲಿಂದ ಎರಡು ಹೆಜ್ಜೆಯಲ್ಲಿದ್ದ ಹಳೆಯ ಹೋಟೆಲಿಗೂ ಹೋದೆ. ನನ್ನ ಪಾಲಿನ ಅರ್ಧ ತಿಂಗಳು ತಿಂಗಳೂ ಹುಟ್ಟಬೇಕಲ್ಲ. ಈಗಿನ ಮಾಲೀಕರು ನನ್ನ ಕೈಕೆಳಗೆ ಕೆಲಸ ಕಲಿತವರು. ಬೆಳಗಿನ ಹೊತ್ತು ಗಲ್ಲಾದಲ್ಲಿ ಕೂರುತ್ತೇನೆ ಎಂದೆ.

"ಈ ಪ್ರಾಯದಲ್ಲಿ ಯಾಕೆ ಭಟ್ರೇ, ನಿದ್ದೆ ಬರುದಿಲ್ವಾ?"

"ಬರ್ತದೆ. ನಿಮ್ಮ ಸಾಂಬಾರು ಈಗ ನೀರಾಗಿದೆ ಅಂತ ಕೇಳಿದೆ, ನೋಡ್ಕೊಳ್ಳುವಾ ಅಂತ."

ಶನಿವಾರದಿಂದ ಬನ್ನಿ ಎಂದರು.

ಮನೆಗೆ ಬಂದಾಗ ಮೆಟ್ಟಿಲಲ್ಲೇ ಎಣ್ಣೆಯ ವಾಸನೆ. ಅಕ್ಕ ಹಿಟ್ಟನ್ನು ಬೆಳಿಗ್ಗೆಯೇ ಕಲಸಿ ಮುಚ್ಚಿಟ್ಟಿದ್ದಳು. ನನ್ನ ಅಪ್ಪಣೆಗೆ ಆ ಅಡುಗೆಮನೆಯಲ್ಲಿ ಅಷ್ಟೇ ಬೆಲೆ. ಊಟ ಮುಗಿಸಿ ಆಕೆ ಹಳೆಯ ಡಬ್ಬಿಯ ಕೊನೆಯ ಮಾತ್ರೆ ನುಂಗಿದಳು. ನಾನು ಹೊಸ ಡಬ್ಬಿಯನ್ನು ಅದೇ ಜಾಗದಲ್ಲಿಟ್ಟೆ. ಆಮೇಲೆ, ಎರವಲು ತಂದ ತಟ್ಟೆಯನ್ನು ಬರಿದಾಗಿ ಹಿಂತಿರುಗಿಸಬಾರದೆಂದು ಅಕ್ಕ ತುಂಬಿಕೊಟ್ಟ ಗೋಳಿಬಜೆಯೊಂದಿಗೆ, ಪಕ್ಕದ ಮನೆಯ ತಟ್ಟೆಗಳನ್ನು ಅವರ ಬಾಗಿಲಿಗೆ ಮುಟ್ಟಿಸಿ ಬಂದೆ.