ಕೆಂಪು ಚುಕ್ಕೆಯ ಲೋಟಗಳು

ಅಟ್ಟದಿಂದ ಚೀಲ ಇಳಿಸಿ ಬಿಚ್ಚಿದೆ. ಮುಚ್ಚಿಟ್ಟ ಸ್ಟೀಲಿನ ವಾಸನೆ, ಅದರೊಳಗೆ ಎಲ್ಲೋ ಒಣಗಿದ ಹುಣಸೆಯ ಹುಳಿ. ಲೋಟಗಳ ತಳದಲ್ಲಿ ಅಕ್ಕ ಇಟ್ಟ ಕೆಂಪು ಉಗುರುಬಣ್ಣದ ಚುಕ್ಕೆ ಇನ್ನೂ ಇತ್ತು. ಮಗಳು ತನ್ನ ಮದುವೆಗೆ ದುಂದು ಬೇಡ, ಪ್ಲಾಸ್ಟಿಕ್ ಅಂತೂ ಬೇಡವೇ ಬೇಡ ಎಂದಿದ್ದಳು. "ಅಪ್ಪಾ, ಮನ್ಯಾಗ ಗ್ಲಾಸ್ ಎಷ್ಟದಾವ ನೋಡು" ಎಂದು ನನ್ನನ್ನು ಅಟ್ಟ ಹತ್ತಿಸಿದವಳು ಅವಳೇ.

ಹೈದರಾಬಾದಿನ ದಿಲ್‌ಸುಖ್‌ನಗರದ ಹಿಂದಿನ ನಮ್ಮ ಗಲ್ಲಿಯಲ್ಲಿ ಆಗ ಒಂದು ರೂಢಿಯಿತ್ತು. ಯಾರ ಮನೆಯಲ್ಲಿ ಮದುವೆಯಾದರೂ ಎಲ್ಲರ ಮನೆಯ ಸ್ಟೀಲ್ ಲೋಟಗಳು ಅಲ್ಲಿಗೆ ಹೋಗುತ್ತಿದ್ದವು. ಕಲೆತುಹೋಗಬಾರದೆಂದು ಮನೆಗೊಂದು ಬಣ್ಣದ ಚುಕ್ಕೆ. ನಮ್ಮದು ಕೆಂಪು, ಪಕ್ಕದ ಮುಸ್ಲಿಂ ಮನೆಯ ಹಿರಿಯಾಕೆ, ನಾವೆಲ್ಲ ಖಾಲಾ ಎಂದು ಕರೆಯುತ್ತಿದ್ದವರದು ಹಸಿರು. ಲೋಟ ಕೇಳಿದರೆ ಯಾರಿಗೂ ಬೇಸರವಿರಲಿಲ್ಲ. ಕೇಳದೆ ಹೋದರೆ ಮುಖ ಸಣ್ಣದಾಗುತ್ತಿತ್ತು.

ಬೀದರ್ ಕಡೆಯಿಂದ ಕೂಲಿಗೆ ಬಂದವರು ನಾವು. ಅಪ್ಪ ಅವ್ವ ತೀರಿದ ಮೇಲೆ ನನ್ನನ್ನು ಅಕ್ಕನೇ ಬೆಳೆಸಿದಳು. ಐದನೇ ತರಗತಿಗೆ ಶಾಲೆ ಬಿಟ್ಟ ನಾನು ಟೈಲ್ಸ್ ಕೆಲಸಕ್ಕೆ ಸೇರಿದ್ದೆ. ನನ್ನ ಮದುವೆಯನ್ನು ಅವಳೇ ನಿಂತು ಮಾಡಿದಳು. ಕಾರ್ಡು ಹೊಡೆಸಲಿಲ್ಲ, ಅರಿಶಿನದ ಅಕ್ಕಿ ಹಿಡಿದು ಮನೆಮನೆಗೆ ಹೋಗಿ ಕರೆದಳು. ಗಲ್ಲಿಯ ಹೆಂಗಸರ ಸೀರೆಗಳನ್ನು ಜೋಡಿಸಿ ಚಪ್ಪರ ಕಟ್ಟಿಸಿದಳು. ಊಟಕ್ಕೆ ಮುತ್ತುಗದ ಎಲೆ ಅವಳೇ ಕೂತು ಹಚ್ಚಿದಳು. ನೀರಿಗೆ ಆ ಲೋಟಗಳು. ನಮ್ಮ ಮನೆಯಿದ್ದದ್ದು ತಗ್ಗಿನಲ್ಲಿ. ಮೇಲಿನ ಫಂಕ್ಷನ್ ಹಾಲಿನ ಪ್ಲಾಸ್ಟಿಕ್ ಗ್ಲಾಸುಗಳು ಮೋರಿಗೆ ಕಟ್ಟಿಕೊಂಡಾಗಲೆಲ್ಲ ಹೊಲಸು ನೀರು ನಮ್ಮ ಹೊಸ್ತಿಲು ದಾಟುತ್ತಿತ್ತು. "ಉಣ್ಣೋರು ಉಂಡು ಹೋಗ್ತಾರ ತಮ್ಮಾ, ಬಳಿಯಾಕ ನಾ ಅದೀನಲ್ಲ" ಎನ್ನುತ್ತಿದ್ದಳು.

ಮದುವೆಯ ಹಿಂದಿನ ದಿನ ನಮ್ಮ ಮೇಸ್ತ್ರಿ ಎಲ್ಲರೆದುರು ಚುಡಾಯಿಸಿದ. "ಏನಲೇ ಮದುಮಗಾ, ಬಂದೋರೆಲ್ಲ ಗಲ್ಲಿ ಮಂದಿ ಗ್ಲಾಸ್ ನೆಕ್ಕಬೇಕೇನು?" ಜೊತೆಯವರು ನಕ್ಕರು. ನಾನೂ ನಕ್ಕೆ. ಮಾತು ಮಾತ್ರ ಒಳಗೆ ಕೂತುಬಿಟ್ಟಿತು... ಬೆಳಿಗ್ಗೆ ಪ್ಲಾಸ್ಟಿಕ್ ಗ್ಲಾಸುಗಳನ್ನು ತರಿಸಿದೆ. ಲೋಟದ ಚೀಲಗಳನ್ನು ನೀರಿನ ಡ್ರಮ್ಮಿನ ಹಿಂದೆ ಸರಿಸಲು ಬಡಿಸುವವರಿಗೆ ಹೇಳಿದೆ. ಒಲೆಯ ಮುಂದಿದ್ದ ಅಕ್ಕನಿಗೆ ಗೊತ್ತಾಗುವಷ್ಟರಲ್ಲಿ ಮೊದಲ ಪಂಕ್ತಿ ಎದ್ದಿತ್ತು.

ಖಾಲಾ ಪ್ಲಾಸ್ಟಿಕ್ ಗ್ಲಾಸು ಹಿಡಿದುಕೊಂಡೇ ನನ್ನ ಹತ್ತಿರ ಬಂದರು. "ಹಮಾರೇ ಗಿಲಾಸಾಂ ಅಚ್ಛೇ ನಯ್ ಲಗೇ ಕ್ಯಾ ಬೇಟಾ?" ನಮ್ಮ ಲೋಟ ಹಿಡಿಸಲಿಲ್ಲವಾ ಎಂದು ಕೇಳುವಾಗ ದನಿಯಲ್ಲಿ ಸಿಟ್ಟಿರಲಿಲ್ಲ. ತಮ್ಮ ಮನೆಯ ಲೋಟಕ್ಕೆ ನಮ್ಮವರು ಬಾಯಿ ಹಚ್ಚಬಾರದೆಂದು ಹೀಗೆ ಮಾಡಿದೆವು ಎಂದು ತಿಳಿದಿದ್ದರು. ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಒಮ್ಮೆ ನನ್ನ ಮುಖ ನೋಡಿದಳು. "ಮೈಚ್ ಮಂಗಾಯೀ ಖಾಲಾ" ಎಂದಳು. ತಾನೇ ತರಿಸಿದ್ದು, ತೊಳೆಯಲು ಮೈಗಳ್ಳತನ ಬಂತು ಎಂದಳು. ಊರವರ ಮನೆಯ ಪಾತ್ರೆ ತಿಕ್ಕಿ ನನ್ನನ್ನು ಸಾಕಿದವಳು. ನಾನು ಬಾಸಿಂಗ ಕಟ್ಟಿಕೊಂಡು ಸುಮ್ಮನೆ ನಿಂತಿದ್ದೆ.

ಮರುದಿನ ಆಕೆ ಯಾರೂ ಮುಟ್ಟದ ಆ ಲೋಟಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಣ್ಣ ನೋಡಿ ಮನೆಮನೆಗೆ ಮುಟ್ಟಿಸಿ ಬಂದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ...

ಆಮೇಲೆ ಗಲ್ಲಿಯಲ್ಲಿ ಮದುವೆಗಳಾದವು. ಖಾಲಾ ಅವರ ಮಗನದೂ ಆಯಿತು. ಗಲ್ಲಿಯವರ ಲೋಟ ಒಲ್ಲದವಳು ಎಂಬ ಮಾತು ಅಕ್ಕನ ಮೇಲೆ ಉಳಿಯಿತು, ಲೋಟ ಕೇಳಲು ನಮ್ಮ ಬಾಗಿಲಿಗೆ ಯಾರೂ ಬರಲಿಲ್ಲ. ಅಕ್ಕ ಮಾತ್ರ ಪ್ರತಿ ಸಲ ಲೋಟಗಳನ್ನು ತಿಕ್ಕಿ ಬಾಗಿಲ ಬಳಿ ಬೋರಲು ಹಾಕಿ ಕಾಯುತ್ತಿದ್ದಳು. ನಾನು ಹೋಗಿ ನಿಜ ಹೇಳಬಹುದಿತ್ತು. ನಾಳೆ ಹೇಳಿದರಾಯಿತು ಅಂದುಕೊಂಡೆ. ಕೊನೆಗೊಂದು ದಿನ ಅವಳೇ ಅವನ್ನು ಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದಳು. ಖಾಲಾ ತೀರಿಕೊಂಡರು. ಆಮೇಲೆ ಅಕ್ಕನೂ ಹೋದಳು.

ಮೊನ್ನೆ ಲೋಟ ಕೇಳಲು ಖಾಲಾ ಮನೆಗೆ ಹೋದೆ. ಸೊಸೆ ಬಾಗಿಲು ತೆಗೆದಳು. ಬಂದ ಕೆಲಸಕ್ಕಿಂತ ಮೊದಲು ಆ ಮಾತೇ ಬಾಯಿಗೆ ಬಂತು. ಅವತ್ತು ಪ್ಲಾಸ್ಟಿಕ್ ಗ್ಲಾಸು ತರಿಸಿದ್ದು ನಾನು, ಅಕ್ಕ ಅಲ್ಲ ಎಂದೆ. ಆಕೆ ನನ್ನನ್ನು ವಿಚಿತ್ರವಾಗಿ ನೋಡಿದಳು. "ಕೌನ್ಸೇ ಗಿಲಾಸಾಂ ಭಾಯ್?" ಯಾವ ಲೋಟ, ಯಾರ ಮದುವೆ, ಅವಳಿಗೇನೂ ಗೊತ್ತಿರಲಿಲ್ಲ. ಎಷ್ಟು ಬೇಕೆಂದಷ್ಟೇ ಕೇಳಿ ಒಳಗಿನಿಂದ ತಂದುಕೊಟ್ಟಳು.

ಬಚ್ಚಲಲ್ಲಿ ಹಸಿರು ಚುಕ್ಕೆಯವನ್ನೂ ಕೆಂಪು ಚುಕ್ಕೆಯವನ್ನೂ ಒಟ್ಟಿಗೆ ಸುರಿದುಕೊಂಡು ಕೂತೆ. ಮಗಳು ಕೈಜೋಡಿಸಲು ಬಂದಳು, ಬೇಡ ಎಂದೆ. ಅಕ್ಕನ ಮೇಲಿನ ಮಾತನ್ನು ತೆಗೆಯಲು ಹೋದೆ, ಆ ಮಾತು ನೆನಪಿರುವವರೇ ಈಗ ಉಳಿದಿಲ್ಲ... ನನ್ನೊಬ್ಬನ ಹೊರತು. ಹುಣಸೆಹಣ್ಣು ನೆನೆಹಾಕಿ ತಿಕ್ಕತೊಡಗಿದೆ.