ಪಾಸ್‌ವರ್ಡ್ ತೆಗೆಯಲು ಬಾರದ ಮೇಷ್ಟ್ರು

ಶುಕ್ರವಾರ ನಮ್ಮ ಆಫೀಸಿನಲ್ಲಿ ಯಾರೋ ದೇವರ ಪಟಕ್ಕೆ ಹಚ್ಚಿದ ಊದುಬತ್ತಿಯನ್ನು ಹಾಗೇ ನನ್ನ ಕಂಪ್ಯೂಟರಿಗೂ ಬೆಳಗಿ ಹೋದರು. ಹೊಗೆಯ ಹಿಂದೆ ಪರದೆ ಎಂದಿನಂತೆ ಪಾಸ್‌ವರ್ಡ್ ಕೇಳುತ್ತಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹಿರಿಯೂರಿನ ಕಂಪ್ಯೂಟರ್ ಮೇಷ್ಟ್ರು ನೆನಪಾದರು...

ಬಸ್ ಸ್ಟ್ಯಾಂಡಿನ ಹತ್ತಿರ, ಸೈಕಲ್ ಅಂಗಡಿಯ ಮಹಡಿಯ ಮೇಲೆ ಅವರ ತರಬೇತಿ ಕೇಂದ್ರ. ದಿನಾ ಬೆಳಿಗ್ಗೆ ಒಂದೊಂದು ಕಂಪ್ಯೂಟರಿಗೂ ಊದುಬತ್ತಿ ಬೆಳಗಿ, ಆಮೇಲೆ ಪಾಠ. ಧರ್ಮಪುರದಿಂದ ಬಸ್ಸಿನಲ್ಲಿ ಹೋಗಿ ಕಲಿಯುತ್ತಿದ್ದ ನನಗೆ ಅವರನ್ನು ಕಂಡರೆ ಒಳಗೊಳಗೇ ನಗು. ಅಷ್ಟು ಜಂಬದ ಮನುಷ್ಯರನ್ನು ನಾನು ಕಂಡಿರಲೇ ಇಲ್ಲ. ಪಾಸ್‌ವರ್ಡ್ ಮರೆತ ಅಂಗಡಿಯವರು ಕಂಪ್ಯೂಟರನ್ನು ಆಟೊದಲ್ಲಿ ಹೇರಿಕೊಂಡು ಅವರ ಹತ್ತಿರವೇ ಬರಬೇಕು. ಇವರು ತೋಳು ಮಡಚಿ, ನಮ್ಮನ್ನೆಲ್ಲ ಸುತ್ತ ನಿಲ್ಲಿಸಿಕೊಂಡು, ತೆಗೆದು ತೋರಿಸಬೇಕು. "ಈ ಊರಾಗೆ ನನ್ ಕೈಲಿ ತೆಗೆಯಾಕಾಗದ ಕಂಪ್ಯೂಟರ್ ಇನ್ನೂ ಹುಟ್ಟಿಲ್ಲ" ಅನ್ನುವರು. ಅದು ಸುಳ್ಳೂ ಆಗಿರಲಿಲ್ಲ.

ಅಲ್ಲಿ ಕಲಿಯುವವರಿಗೆಲ್ಲ ಬೇರೆಬೇರೆ ಪಾಸ್‌ವರ್ಡ್. ನನ್ನದರೊಳಗೆ ಒಂದು ಸರ್ಕಾರಿ ಕೆಲಸದ ಅರ್ಜಿ, ಪರೀಕ್ಷೆಯ ಹಾಲ್ ಟಿಕೆಟ್ ಇದ್ದವು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನನ್ನನ್ನು ಸೋದರಮಾವನಿಗೆ ಕೊಡುವುದೆಂದು ಮಾತಾಗಿತ್ತು. ಹೆಂಡತಿ ಕೆಲಸಕ್ಕೆ ಹೋಗುವುದು ಅವನಿಗೆ ಸುತಾರಾಂ ಆಗದು. ಸುದ್ದಿ ತಿಳಿದರೆ ಮಾರನೆಯ ದಿನದಿಂದ ನನಗೆ ಬಸ್ಸೂ ಇಲ್ಲ, ಪರೀಕ್ಷೆಯೂ ಇಲ್ಲ.

ಯಾರು ಕಿವಿ ಊದಿದರೋ, ಒಂದು ಮಧ್ಯಾಹ್ನ ಮಾವ ಮೆಟ್ಟಿಲು ಹತ್ತಿ ಬಂದೇಬಿಟ್ಟ. "ಏನ್ ಬರ್ಕಂಡಿದೀಯ ಇದ್ರಾಗೆ? ತೆಗಿ" ಅಂದ. ಮರೆತೆ ಅಂದೆ. ಸುಳ್ಳಲ್ಲ, ಹೆದರಿಕೆಗೆ ಪಾಸ್‌ವರ್ಡ್ ನಿಜವಾಗಿಯೂ ತಲೆಯಿಂದ ಹಾರಿಹೋಗಿತ್ತು. ಅವನು ಮೇಷ್ಟ್ರ ಕಡೆ ತಿರುಗಿದ. "ನೀವು ತೆಗೀರಿ. ನಿಮಗೆ ಬರದ್ದು ಯಾವುದೈತೆ?"

ಹೊಗಳಿದರೆ ಉಬ್ಬುವ ಆಸಾಮಿ, ಮುಗಿಯಿತು ನನ್ನ ಕಥೆ ಅಂದುಕೊಂಡೆ. ಮೇಷ್ಟ್ರು ನನ್ನ ಮುಖವನ್ನೊಮ್ಮೆ ನೋಡಿ ಕುಳಿತರು. ಏನೇನೋ ಒತ್ತಿದರು. ತಪ್ಪು ಎಂದಿತು ಪರದೆ. ಮತ್ತೆ ಒತ್ತಿದರು, ಮತ್ತೆ ತಪ್ಪು. ಕಲಿಯುವವರೆಲ್ಲ ಎದ್ದು ಬಂದು ಸುತ್ತ ನಿಂತಿದ್ದರು. ಕೊನೆಗೆ ಕನ್ನಡಕ ತೆಗೆದು, "ನನ್ ಕೈಲಿ ಆಗಲ್ರಿ. ಇದು ನಂಗೆ ಬರಲ್ಲ" ಅಂದರು.

"ಇಂಥೋರ ಹತ್ರ ಕಲಿಯಾಕೆ ದುಡ್ಡು ಬೇರೆ" ಎಂದು ಮಾವ ನಗುತ್ತ ಇಳಿದುಹೋದ. ಆ ನಗುವಿನಲ್ಲಿ ನನ್ನ ಮೇಲಿನ ಅನುಮಾನವೂ ಮರೆತುಹೋಯಿತೇನೋ.

ಉಳಿದವರು ಅವರವರ ಜಾಗಕ್ಕೆ ಹೋದ ಮೇಲೆ ಮೇಷ್ಟ್ರು ತಮ್ಮ ಪಾಸ್‌ವರ್ಡ್ ಹಾಕಿ ಅದೇ ಕಂಪ್ಯೂಟರ್ ತೆರೆದರು. ಎರಡು ಮಾತಾಡುವಷ್ಟರಲ್ಲಿ ನನ್ನ ಹೆಸರಿನ ಮುಂದೆ ಹೊಸ ಪಾಸ್‌ವರ್ಡ್ ಕೇಳುವ ಖಾಲಿ ಚೌಕ ಬಂತು. "ಹೊಸದು ಹಾಕ್ಕಳಮ್ಮ. ನಾನು ನೋಡಲ್ಲ" ಎಂದು ಗೋಡೆಯ ಕಡೆ ತಿರುಗಿ ನಿಂತರು. ಎಲ್ಲ ಬಲ್ಲೆನೆಂಬ ಹೆಮ್ಮೆಯೇ ಅವರ ಉಸಿರು. ನನಗೋಸ್ಕರ, ಅಷ್ಟು ಜನರೆದುರು ಅದನ್ನೇ ಬಿಟ್ಟುಕೊಟ್ಟಿದ್ದರಲ್ಲ... ಹೊಸ ಪಾಸ್‌ವರ್ಡ್ ಒತ್ತಿದೆ.

ಮಾವ ಬಿಡುತ್ತಾನೆಯೇ? ಊರಿಡೀ ಹೇಳಿಕೊಂಡು ನಕ್ಕ. ಆಟೊಗಳು ಬೇರೆ ಅಂಗಡಿಯ ಮುಂದೆ ನಿಲ್ಲತೊಡಗಿದವು. ಮೇಷ್ಟ್ರು ತುಟಿ ಬಿಚ್ಚಲಿಲ್ಲ. ನಾನು ಪರೀಕ್ಷೆ ಬರೆದೆ, ಕೆಲಸ ಸಿಕ್ಕಿತು, ಮಾವನಿಗೆ ಬೇರೆ ಕಡೆ ಹೆಣ್ಣು ತಂದರು.

ಹೋದ ವರ್ಷ ಮೇಷ್ಟ್ರು ತೀರಿಕೊಂಡ ಸುದ್ದಿ ಕೇಳಿ ಅವರ ಮನೆಗೆ ಹೋದೆ. ಜಗಲಿಯ ಮೇಲೆ ಕುಳಿತವರು, "ಒಳ್ಳೆ ಮನುಷ್ಯ. ಕಂಪ್ಯೂಟರ್ ಮಾತ್ರ ಅಷ್ಟಕ್ಕಷ್ಟೆ" ಎಂದು ಮಾತಾಡಿಕೊಳ್ಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ಅವರ ಹೆಂಡತಿಯ ಪಕ್ಕ ಕುಳಿತು ನಡೆದದ್ದನ್ನೆಲ್ಲ ಹೇಳಿದೆ. ಮನೆಯಲ್ಲಾದರೂ ಹೇಳಿಕೊಂಡಿರುತ್ತಾರೆ ಅಂದುಕೊಂಡಿದ್ದೆ.

"ನನ್ ಹತ್ರಾನೂ 'ಅದು ಬರಲಿಲ್ಲ ಕಣೇ' ಅಂತಾನೇ ಅಂದಿದ್ರು" ಎಂದರು ಆ ತಾಯಿ. "ಜನ ನಗ್ತಿದ್ರೆ ನಾನೂ ನಗ್ತಿದ್ದೆ ಕಣಮ್ಮ..."

ಈಗಲೂ ಅವರ ಫೋನ್ ಬರುತ್ತಿರುತ್ತದೆ. ಊಟ, ಆರೋಗ್ಯ ವಿಚಾರಿಸಿಕೊಂಡು, ಕೊನೆಗೆ ಆ ಮಧ್ಯಾಹ್ನದ ಮಾತನ್ನು ಇನ್ನೊಂದು ಸಲ ಹೇಳು ಅನ್ನುತ್ತಾರೆ. ಹೇಳುತ್ತೇನೆ. ಮೇಷ್ಟ್ರು ಹೋದ ಮೇಲೆ ಗಂಡನ ಬಗ್ಗೆ ಅವರಿಗೆ ಹೊಸದಾಗಿ ಸಿಕ್ಕಿದ್ದು ಅದೊಂದೇ.