ಕಂದಾಯಕ್ಕೆ ಸಿಕ್ಕಿದ ಕೋಳಿಗೂಡು

ಅಮೆರಿಕದ ಉತ್ತರದ ಹೌಗನ್ ಟೌನ್‌ಶಿಪ್ಪಿನ ಶಾಲೆಯಲ್ಲಿ ಉಂಡು ಬೆಳೆದವರಲ್ಲಿ ಅಡುಗೆಯ ಆರ್ಡಿಸ್ ಟ್ವೈಟನ್ ಎದುರಿಗೆ ತಟ್ಟೆಯಲ್ಲಿ ಬಟಾಣಿ ಬಿಟ್ಟು ಎದ್ದ ಗಂಡುಗಲಿ ಒಬ್ಬನೂ ಇಲ್ಲ. ಸೌಟು ಹಿಡಿದು ಆಕೆ ಅಡುಗೆಮನೆಯ ಕಿಂಡಿಯಲ್ಲಿ ನಿಂತರೆ ಕೋಟೆಯ ಬುರುಜಿನ ಮೇಲೆ ತೋಪು ನಿಲ್ಲಿಸಿದಂತಿರುತ್ತಿತ್ತು. ಈಗ ಊರಿನ ಹಿರಿಯರಾಗಿ ಮೆರೆಯುವವರು, ಚರ್ಚಿನ ಖಜಾಂಚಿ, ಹಾಲಿನ ಟ್ಯಾಂಕರ್ ಓಡಿಸುವವನು ಎಲ್ಲರೂ ಒಂದು ಕಾಲಕ್ಕೆ ಆ ಸೌಟಿನ ಪ್ರಜೆಗಳೇ. ಶಾಲೆ ಮುಚ್ಚಿದ ಮೇಲೆ ಆಕೆ ಸೌಟನ್ನು ಮನೆಗೆ ತಂದಳು. ಆಳಲು ಅಲ್ಲಿ ಸಿಕ್ಕಿದ್ದು ಗಂಡ ಟಿಲ್ಮನ್ ಒಬ್ಬನೇ.

ಟಿಲ್ಮನ್ ಕೌಂಟಿಯ, ಅಂದರೆ ಜಿಲ್ಲೆಯ, ರಸ್ತೆಗಳಲ್ಲಿ ಹಿಮ ಗುಡಿಸುವ ಲಾರಿ ಓಡಿಸಿ ನಿವೃತ್ತನಾದವನು. ಮಾತಿನಲ್ಲಿ ಮಹಾ ಜಿಪುಣ. ಮದುವೆಯ ದಿನ ಪಾದ್ರಿ ಕೇಳಿದ್ದಕ್ಕೆ "ಹೂಂ" ಎಂದಿದ್ದ. ಅದಕ್ಕಿಂತ ಹೆಚ್ಚಿನದನ್ನು ಆರ್ಡಿಸ್ ಆಮೇಲೂ ನಿರೀಕ್ಷಿಸಲಿಲ್ಲ. ಆದರೆ ಅವನ ಕೈ ಮಾತ್ರ ವಾಚಾಳಿ. ಹಳೆಯ ಶಾಲೆಯನ್ನು ಕೆಡವಿದಾಗ ಅಲ್ಲಿನ ಎತ್ತರದ ಕಿಟಕಿಗಳನ್ನು ಎತ್ತಿಕೊಂಡು ಬಂದ. ಕೋಳಿಗಳಿಗೊಂದು ಗೂಡು ಬೇಕಲ್ಲ ಎಂದು ಹಿತ್ತಲಲ್ಲಿ ಶುರು ಮಾಡಿದ. ಗೂಡು ಬೆಳೆಯುತ್ತಾ ಹೋಯಿತು. ಮುಂದೊಂದು ಪುಟ್ಟ ಜಗುಲಿ ಬಂತು. ಜಗುಲಿ ಬಂದ ಮೇಲೆ ಕಟಕಟೆ ಬೇಡವೇ? ಕಟಕಟೆ ಬಂದ ಮೇಲೆ ಅದಕ್ಕೆ ಕಡೆದ ಕಂಬಗಳು ಬೇಡವೇ? ಗಾಳಿಯಾಡಲು ಮಾಡಿನ ಮೇಲೆ ಮಾಡಿದ ಕಿಂಡಿ ನೋಡುವವರಿಗೆ ಹೊಗೆಗೂಡಿನಂತೆ ಕಂಡಿತು. ಕೊನೆಗೆ ಬೆಣ್ಣೆಯ ಬಣ್ಣ ಬಳಿದು, ಕಿಟಕಿಗಳ ಅಂಚಿಗೆ ಬಿಳಿ ಹಚ್ಚಿದ. ಕೋಳಿಗಳು ಒಳಗೆ ಹೋಗಿ ಮೊದಲ ದಿನವೇ ಗಲೀಜು ಮಾಡಿ, ತಮಗೆ ಇವೆಲ್ಲ ಲೆಕ್ಕಕ್ಕಿಲ್ಲ ಎಂದು ಸಾರಿದವು.

ಊರಿನವರು ನೋಡಿ, "ಪರವಾಗಿಲ್ಲ," ಎಂದರು. ಹೌಗನ್‌ನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಯಾರ ಬಾಯಲ್ಲೂ ಬರುವುದಿಲ್ಲ. ಹೊಗಳಿದರೆ ಮನುಷ್ಯ ಕೆಡುತ್ತಾನೆಂದು ನಾರ್ವೆಯಿಂದ ಹಡಗು ಹತ್ತಿದ ಮುತ್ತಜ್ಜಂದಿರ ಕಾಲದಿಂದಲೂ ಅವರ ನಂಬಿಕೆ.

ಹೀಗಿರುವಾಗ ಮಾರ್ಚ್ ತಿಂಗಳಲ್ಲಿ ಕೌಂಟಿಯಿಂದ ಮನೆ ಕಂದಾಯದ ಕಾಗದ ಬಂತು. ಆರ್ಡಿಸ್ ಓದಿದಳು, ಕನ್ನಡಕ ಒರೆಸಿ ಇನ್ನೊಮ್ಮೆ ಓದಿದಳು, ಆಮೇಲೆ ಕುರ್ಚಿ ಎಳೆದುಕೊಂಡು ಕೂತಳು. ಮನೆಯ ಬೆಲೆ ಒಂದೇ ನೆಗೆತಕ್ಕೆ ಆಕಾಶ ಮುಟ್ಟಿತ್ತು. ಕಾರಣ, ಹೊಸ ಮೌಲ್ಯಮಾಪಕ ರಸ್ತೆಯಲ್ಲಿ ಕಾರು ನಿಲ್ಲಿಸಿ, ಕಿಟಕಿಯಿಂದಲೇ ಕತ್ತು ಚಾಚಿ ನೋಡಿ, ಹಿತ್ತಲಿನ ಕಟ್ಟಡವನ್ನು "ಅತಿಥಿಗೃಹ" ಎಂದು ಬರೆದುಕೊಂಡು ಹೋಗಿದ್ದ.

"ಕೋಳಿಗೂಡಿಗೆ ಕಂದಾಯ ಹಾಕವ್ನೆ ಕಣೋ, ಟಿಲ್ಮನ್! ಅತಿಥಿಗೃಹ ಅಂತೆ! ಯಾವ ಅತಿಥಿ? ಅಡ್ಡಕೋಲಿನ ಮೇಲೆ ಕೂತು ನಿದ್ದೆ ಮಾಡೋ ಅತಿಥಿನಾ?"

ಟಿಲ್ಮನ್ ಕಾಗದ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಬಹಳ ಹೊತ್ತು ಹಿಡಿದ. ಅವನು ನೋಡುತ್ತಿದ್ದುದು ಅಂಕಿಯನ್ನಲ್ಲ, ಅತಿಥಿಗೃಹ ಎಂಬ ಆ ಒಂದು ಪದವನ್ನು.

"ಕಟ್ಬಿಡೋಣ," ಎಂದ.

"ಏನು?"

"ಕಂದಾಯ. ಕಟ್ಬಿಡೋಣ."

"ತಲೆ ಕೆಟ್ಟಿದ್ಯಾ? ಅದು ಚಳಿಗಾಲದಲ್ಲಿ ಮನೆ ಬೆಚ್ಚಗಿಡೋ ಗ್ಯಾಸಿಗೆ ಇಟ್ಟಿರೋ ದುಡ್ಡು ಮಾರಾಯ! ಹೊರಗೆ ಸೊನ್ನೆಗಿಂತ ಕೆಳಗಿಳಿದಾಗ ನಿನ್ನ ಕೋಳಿಗಳು ಬಂದು ನಮ್ಮ ಕಾಲು ಬೆಚ್ಚಗೆ ಮಾಡ್ತಾವಾ?"

ಟಿಲ್ಮನ್ ಕಾಗದವನ್ನು ನೀಟಾಗಿ ಮಡಚಿ, ಫ್ರಿಜ್ಜಿನ ಬಾಗಿಲಿಗೆ ಅಯಸ್ಕಾಂತದಿಂದ ಅಂಟಿಸಿದ. ದೂರದ ಬಂಧುಗಳ ಮದುವೆ ಪಟಗಳನ್ನು ಅಂಟಿಸುವ ಜಾಗ ಅದು. ಆರ್ಡಿಸ್ ಅದನ್ನು ನೋಡಿದಳು. ಆದರೆ ಗ್ಯಾಸು ಗ್ಯಾಸೇ. ಅವತ್ತೇ ಕೌಂಟಿ ಕಚೇರಿಗೆ ಫೋನು ಮಾಡಿ ಯುದ್ಧ ಸಾರಿದಳು.

ಏಪ್ರಿಲ್‌ನಲ್ಲಿ ಟೌನ್ ಹಾಲಿನಲ್ಲಿ ಮೇಲ್ಮನವಿಯ ಸಭೆ. ಹಾಲೆಂದರೆ ಒಂದೇ ಕೋಣೆ, ಮಡಚುವ ಕುರ್ಚಿಗಳು, ಬಾಗಿಲ ಬಳಿ ಕೆಸರು ಬೂಟುಗಳ ಸಾಲು, ಮೂಲೆಯಲ್ಲಿ ತಳ ಕಾಣುವಷ್ಟು ತೆಳ್ಳನೆಯ ಕಾಫಿ. ಮುಂದೆ ಮೇಜಿನ ಹಿಂದೆ ಊರಿನ ಮೂವರು ಮೇಲ್ವಿಚಾರಕರು, ಅವರ ನಡುವೆ ಅಧ್ಯಕ್ಷ ಮಿಲೋ ಕ್ವಾಮ್. ಪಕ್ಕದಲ್ಲಿ ಕೌಂಟಿಯ ಮೌಲ್ಯಮಾಪಕ ಡ್ವೈಟ್ ಪೆಲ್ಹಾಮ್. ಐವತ್ತು ದಾಟಿದ, ದುಂಡು ಮುಖದ ಸಭ್ಯ. ದಕ್ಷಿಣದ ಟೆನ್ನೆಸ್ಸೀಯಿಂದ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಜನ ಏನು ಹೇಳುತ್ತಾರೋ ಅದನ್ನೇ ಅರ್ಥ ಮಾಡಿಕೊಳ್ಳುವ ದೌರ್ಬಲ್ಯ ಅವನಿಗಿತ್ತು.

ಆರ್ಡಿಸ್ ಭಾನುವಾರದ ಕೋಟು ತೊಟ್ಟು ಎದ್ದು ನಿಂತಳು. ಸಾಕ್ಷಿಗೆಂದು ಪಕ್ಕದ ಮನೆಯ ಲಾವೋನ್‌ಳನ್ನು ಎಳೆದುಕೊಂಡು ಬಂದಿದ್ದಳು. ಹಿಂದಿನ ಸಾಲಿನಲ್ಲಿ ಟಿಲ್ಮನ್ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ.

"ನಮ್ಮನೆ ಅಂತ ಏನಿದೆ ಹೇಳಿ," ಆರ್ಡಿಸ್ ಶುರು ಮಾಡಿದಳು. "ಹಳೇ ಕಾಲದ್ದು. ಮೆಟ್ಟಿಲು ಕಿರ್ರ್ ಅಂತಾವೆ. ಮಳೆ ಬಂದ್ರೆ ನೆಲಮಾಳಿಗೇಲಿ ನೀರು. ಅಡುಗೆಮನೆಯಂತೂ ಯಾರಿಗೂ ತೋರಿಸೋ ಹಾಗಿಲ್ಲ."

ವಾದ ಸೊಗಸಾಗಿತ್ತು. ಆದರೆ ಆಕೆ ಒಂದನ್ನು ಮರೆತಿದ್ದಳು. ಹೌಗನ್‌ನಲ್ಲಿ ಯಾರಾದರೂ ತಮ್ಮದನ್ನು ತಾವೇ ಹಳಿದುಕೊಂಡರೆ, ಕೇಳಿದವರು ತಕ್ಷಣ ಅಲ್ಲಗಳೆಯಬೇಕು. ಸುಮ್ಮನಿದ್ದರೆ ಒಪ್ಪಿದಂತೆ. ಹಿಂದೊಮ್ಮೆ ಯಾರೋ "ನನ್ನ ಕೇಕು ಗಟ್ಟಿಯಾಗಿಬಿಟ್ಟಿದೆ" ಎಂದಾಗ ಎದುರಿಗಿದ್ದಾಕೆ ಬಾಯಲ್ಲಿ ತುಂಡಿದ್ದ ಕಾರಣ ಉತ್ತರ ಕೊಡಲಿಲ್ಲ. ಆ ಎರಡು ಮನೆತನಗಳು ಇವತ್ತಿಗೂ ಚರ್ಚಿನಲ್ಲಿ ಬೇರೆ ಬೇರೆ ಬದಿಗೆ ಕೂರುತ್ತವೆ. ಈ ಧರ್ಮವನ್ನು ಪಾಲಿಸಲು ಲಾವೋನ್ ಈಗ ಎದ್ದು ನಿಂತಳು.

"ಅಯ್ಯೋ, ಹಂಗ್ಯಾಕಂತೀಯೇ ಆರ್ಡಿಸ್! ನಿನ್ನ ಅಡುಗೆಮನೆ ಎಷ್ಟು ಚಂದ ಇದೆ. ಹೊಸ ಕಪಾಟು ಹಾಕಿಸಿದ್ಯಲ್ಲ, ನಮ್ಮನೇಲಿ ದಿನಾ ಅದೇ ಮಾತು."

ಡ್ವೈಟ್ ಪೆಲ್ಹಾಮ್ ಬರೆದುಕೊಂಡ.

ಆರ್ಡಿಸ್ ಲಾವೋನ್‌ಳ ಕಡೆ ತಿರುಗಿ, ಹಿಂದೆ ಬಟಾಣಿ ಬಿಟ್ಟವರನ್ನು ನೋಡುತ್ತಿದ್ದ ನೋಟ ಬೀರಿದಳು. ಲಾವೋನ್ ಅದನ್ನು ವಿನಯವೆಂದು ತಿಳಿದಳು.

"ಮೆಟ್ಟಿಲು ಎಲ್ಲಿ ಕಿರ್ರ್ ಅನ್ನುತ್ತೆ?" ಹಾಲಿನ ಟ್ಯಾಂಕರಿನವನು ಹಿಂದಿನಿಂದ ಕೇಳಿದ. "ಟಿಲ್ಮನ್ ಎಲ್ಲಾ ಬಿಚ್ಚಿ ಓಕ್ ಹಾಕಿದ್ನಲ್ಲ. ನಾನೇ ಹಲಗೆ ಹೊತ್ತಿದ್ದೆ."

"ನೆಲಮಾಳಿಗೇನೂ ಒಣಗೇ ಇದೆ," ಎಂದ ಚರ್ಚಿನ ಖಜಾಂಚಿ. "ನಮ್ಮ ಉಪ್ಪಿನಕಾಯಿ ಡಬ್ಬ ಎಲ್ಲಾ ಅಲ್ಲೇ ಇಟ್ಟಿದ್ದೀವಿ."

"ಸುಮ್ನಿರ್ರೋ!" ಎಂದಳು ಆರ್ಡಿಸ್.

"ಇಲ್ಲ ಆರ್ಡಿಸ್, ಇದ್ದದ್ದನ್ನ ಹೇಳ್ಬೇಕು," ಎಂದ ಅಧ್ಯಕ್ಷ ಮಿಲೋ, ಎಲ್ಲರಿಗಿಂತ ಸೌಜನ್ಯವಂತ. "ಊರಲ್ಲಿ ಅಷ್ಟು ಓರಣವಾದ ಮನೆ ಇನ್ನೊಂದಿಲ್ಲ."

ಡ್ವೈಟ್ ಹಾಳೆ ತಿರುಗಿಸಿ ಬರೆದ. ಪ್ರತಿ ಒಳ್ಳೆಯ ಮಾತಿಗೂ ಆರ್ಡಿಸ್ ಕಣ್ಣೆದುರಿಗೆ ಗ್ಯಾಸಿನ ಟ್ಯಾಂಕಿನ ಮುಳ್ಳು ಒಂದೊಂದು ಗೆರೆ ಕೆಳಗಿಳಿಯುತ್ತಿತ್ತು. ಶತ್ರುಗಳನ್ನು ಎದುರಿಸಲು ಸಜ್ಜಾಗಿ ಬಂದವಳನ್ನು ಸ್ನೇಹಿತರು ಮುತ್ತಿಗೆ ಹಾಕಿದ್ದರು.

"ಮನೆ ಬಿಡಿ!" ಆಕೆ ಮೇಜು ಕುಟ್ಟಿದಳು. "ಹಿತ್ತಲಲ್ಲಿರೋದು ಕೋಳಿಗೂಡು! ಅದನ್ನಾದ್ರೂ ಒಪ್ತೀರಾ?"

"ಗೂಡೇನೋ ಹೌದು," ಮಿಲೋ ಗಂಟಲು ಸರಿಮಾಡಿಕೊಂಡ. "ಆದ್ರೆ ಗೂಡು ಅನ್ನೋಕೆ ಮನಸ್ಸು ಬರಲ್ಲ. ನನ್ನ ಹೆಂಡ್ತಿ ಹೊರಗೆ ಹಾಕಿದ್ರೆ ನಾನೇ ಬಂದು ಇರ್ತೀನಿ."

"ಹಾಗಾದ್ರೆ ವಾಸಕ್ಕೆ ಯೋಗ್ಯ," ಎಂದುಕೊಂಡು ಡ್ವೈಟ್ ಅದನ್ನೂ ಬರೆದ.

ಆರ್ಡಿಸ್ ಕೋಟಿನ ಗುಂಡಿ ಹಾಕಿಕೊಂಡಳು. "ಏಳಿ ಎಲ್ಲರೂ. ಗಾಡಿ ಹತ್ತಿ. ಬಂದು ಕಣ್ಣಾರೆ ನೋಡಿ."

ಶಾಲೆಯ ದಿನಗಳ ಅಭ್ಯಾಸಬಲದಿಂದ ಎಲ್ಲರೂ ಎದ್ದರು. ಟೆನ್ನೆಸ್ಸೀಯವನೂ ಎದ್ದ. ಪಿಕಪ್ ಲಾರಿಗಳ ದಂಡಯಾತ್ರೆ ಕೆಸರು ಹಾರಿಸುತ್ತಾ ಟ್ವೈಟನ್ ಮನೆಯ ಹಿತ್ತಲಿಗೆ ಬಂದು ಬೀಡುಬಿಟ್ಟಿತು. ಬೇಲಿಯ ನೆರಳಿನಲ್ಲಿ ಇನ್ನೂ ಕರಗದ ಹಿಮದ ತುಣುಕುಗಳಿದ್ದವು. ಬೆಣ್ಣೆಬಣ್ಣದ ಗೂಡು ಬಿಸಿಲಲ್ಲಿ ಮದುವಣಗಿತ್ತಿಯ ಹಾಗೆ ನಿಂತಿತ್ತು.

ಆರ್ಡಿಸ್ ಬಾಗಿಲು ತೆರೆದು, "ದಯಮಾಡಿಸಿ, ಅತಿಥಿಗಳೇ," ಎಂದಳು.

ಡ್ವೈಟ್ ಪೆಲ್ಹಾಮ್ ಹೊಳೆಯುವ ಬೂಟಿನಲ್ಲಿ ಒಳಗೆ ಹೆಜ್ಜೆಯಿಟ್ಟ. ಒಳಗಿನಿಂದ ಕೊಕ್ಕೊಕ್ಕೋ ಎಂಬ ಕೋಲಾಹಲ, ರೆಕ್ಕೆಗಳ ಬಡಿತ, "ಅಯ್ಯಪ್ಪಾ!" ಎಂಬ ಒಂದು ಮಾನವ ಸ್ವರ. ಮರಳಿ ಹೊರಬಂದಾಗ ಅವನ ತಲೆಯ ಮೇಲೊಂದು ಗರಿ, ಬೂಟಿನ ಮೇಲೆ ಅಲ್ಲಗಳೆಯಲಾಗದ ಸಾಕ್ಷ್ಯ.

"ತಪ್ಪಾಯ್ತು, ಅಮ್ಮಾವ್ರೇ," ಎಂದ ಅವನು, ಪ್ರಾಮಾಣಿಕ ಮನುಷ್ಯ. "ಇದು ಖಂಡಿತಾ ಕೋಳಿಗೂಡು. ಅತಿಥಿಗೃಹ ತೆಗೆದುಬಿಡ್ತೀನಿ. ಅಡುಗೆಮನೆ, ಮೆಟ್ಟಿಲು ಎಲ್ಲಾ ನಮ್ಮ ಲೆಕ್ಕದಲ್ಲಿ ಮೊದಲೇ ಇದ್ವು, ಅದರ ಚಿಂತೆ ಬೇಡ."

ಆರ್ಡಿಸ್ ಗೆದ್ದಿದ್ದಳು! ಲಾವೋನ್ ಚಪ್ಪಾಳೆ ತಟ್ಟಿದಳು.

"ಆದ್ರೆ ಗೂಡು ಅಂತ ಸೇರಿಸ್ಬೇಕಲ್ಲ," ಡ್ವೈಟ್ ಪೆನ್ನು ತೆಗೆದ. "ಕಟ್ಟಡದ ದರ್ಜೆ ಬರೀಬೇಕು. ಕಳಪೆ, ಸಾಧಾರಣ, ಉತ್ತಮ. ಕಳಪೆ ಅಂದ್ರೆ ಕಂದಾಯ ಹೆಚ್ಚುಕಮ್ಮಿ ಏನೂ ಬೀಳಲ್ಲ. ಉತ್ತಮ ಅಂದ್ರೆ ಬೀಳುತ್ತೆ. ನೀವು ಏನಂತೀರಿ?"

ಆರ್ಡಿಸ್‌ಗೆ ಉತ್ತರ ಗೊತ್ತಿತ್ತು. ಒಂದು ಪದ. ಗ್ಯಾಸಿನ ಟ್ಯಾಂಕು ಗಂಟಲತನಕ ತುಂಬುವ ಪದ. ಅದು ನಾಲಿಗೆಯ ತುದಿಗೆ ಬರುವಷ್ಟರಲ್ಲಿ, ಇಷ್ಟು ಹೊತ್ತೂ ಉಸಿರೆತ್ತದ ಟಿಲ್ಮನ್ ಮುಂದೆ ಬಂದ.

"ಕಳಪೇನೇ," ಎಂದ. "ಆ ಬಲಗಡೆ ಕಿಟಕಿ ಓರೆ ಇದೆ."

ಧರ್ಮ ಕರೆಯಿತು. "ಎಲ್ಲಿ ಓರೆ, ಟಿಲ್ಮನ್? ನೆಟ್ಟಗಿದೆಯಲ್ಲೋ," ಎಂದ ಮಿಲೋ.

"ಓರೆ ಇದೆ."

"ಇಲ್ಲ ಮಾರಾಯ, ನೋಡು ನೀನೇ."

ಟಿಲ್ಮನ್ ತನ್ನ ಪಿಕಪ್ಪಿನ ಹತ್ತಿರ ನಡೆದು ಹೋಗಿ ತನ್ನ ರಸಮಟ್ಟ ತಂದ. ಹಳದಿ ಪಟ್ಟಿಯ ನಡುವೆ ಗಾಜಿನ ಕೊಳವೆಯಲ್ಲಿ ಗುಳ್ಳೆ ಆಡುವ ಆ ಸಾಧನವನ್ನು ಕಿಟಕಿಯ ಕೆಳಗಿನ ಅಂಚಿನ ಮೇಲೆ ಮೆಲ್ಲನೆ ಇಟ್ಟ. ಎಲ್ಲರೂ ಕತ್ತು ಬಗ್ಗಿಸಿದರು. ಗುಳ್ಳೆ ಒಮ್ಮೆ ಎಡಕ್ಕೆ ತೂಗಿ, ಬಲಕ್ಕೆ ತೂಗಿ, ಎರಡು ಗೆರೆಗಳ ಸರಿ ನಡುವೆ ಬಂದು ಕೂತಿತು. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

ಟ್ಯಾಂಕರಿನವನು ಮೆಲ್ಲಗೆ ಸಿಳ್ಳೆ ಹಾಕಿದ.

ಟಿಲ್ಮನ್ ರಸಮಟ್ಟವನ್ನು ತೆಗೆಯಲಿಲ್ಲ. ಹಿಂದಿನವರಿಗೂ ಕಾಣಲಿ ಎಂಬಂತೆ ತಾನು ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಅಷ್ಟು ವರ್ಷ ಜೊತೆಗೆ ಬಾಳಿದ ಆರ್ಡಿಸ್‌ಗೆ ತಿಳಿಯದೆ ಇರುತ್ತದೆಯೇ? ಈ ಮನುಷ್ಯನಿಗೆ ಕಿಟಕಿ ನೆಟ್ಟಗಿರುವುದು ಕಟ್ಟಿದ ದಿನದಿಂದ ಗೊತ್ತು. ಹೆಂಡತಿಯ ಗ್ಯಾಸು ಉಳಿಸಲು ಕಳಪೆ ಎಂದಿದ್ದು ನಿಜ, ರಸಮಟ್ಟ ತಂದಿದ್ದೂ ನಿಜ. ಎರಡನ್ನೂ ಮಾಡಿದವನು ಒಂದೇ ಮನುಷ್ಯ.

"ಅಮ್ಮಾವ್ರೇ?" ಡ್ವೈಟ್ ಪೆನ್ನು ಹಿಡಿದೇ ಕಾಯುತ್ತಿದ್ದ. "ಯಜಮಾನರು ಕಳಪೆ ಅಂದ್ರು. ಹಾಗೇ ಬರೀಲಾ?"

"ಉತ್ತಮ ಅಂತ ಬರೀರಿ," ಎಂದಳು ಆರ್ಡಿಸ್.

"ಏನಂದ್ರಿ?"

"ಕಿವಿಗೆ ಬಿತ್ತಲ್ಲ? ಉತ್ತಮ. ಚೆನ್ನಾಗಿ ಕಾಣೋ ಹಾಗೆ ಬರೀರಿ."

ಡ್ವೈಟ್ ಪೆಲ್ಹಾಮ್ ಎರಡು ರಾಜ್ಯಗಳಲ್ಲಿ ಕಂದಾಯದ ಕೆಲಸ ಮಾಡಿದವನು. ತನ್ನ ಕಟ್ಟಡದ ದರ್ಜೆ ಏರಿಸಿ ಎಂದು ಕೇಳಿದವರನ್ನು ಅವನು ಈವರೆಗೆ ಕಂಡಿರಲಿಲ್ಲ. ಮಿಲೋನ ಮುಖ ನೋಡಿದ. ಮಿಲೋ ತನ್ನ ಬೂಟು ನೋಡಿಕೊಳ್ಳುತ್ತಿದ್ದ. ಡ್ವೈಟ್ ಬರೆದ.

"ಅಷ್ಟೇನಿಲ್ಲ," ಟಿಲ್ಮನ್ ಶುರು ಮಾಡಿದ. "ಹಿಂದಿನ ಗೋಡೆ..."

"ಬಾಯ್ ಮುಚ್ಚು ಟಿಲ್ಮನ್," ಎಂದಳು ಆರ್ಡಿಸ್. "ಜನವರೀಲಿ ಮಹಡಿ ಕೋಣೆ ಮುಚ್ಚಿ ಕೆಳಗಡೆ ಮಲಗೋಣ. ಎರಡೆರಡು ಸ್ವೆಟರ್ ಹಾಕ್ಕೋ."

"ಹೂಂ," ಎಂದ ಟಿಲ್ಮನ್. ರಸಮಟ್ಟ ಎತ್ತಿಕೊಂಡು, ಅಂಗಿಯ ತೋಳಿನಿಂದ ಅದರ ಗಾಜನ್ನು ಒರೆಸಿದ. ಆಮೇಲೆ ಟೆನ್ನೆಸ್ಸೀಯ ಮನುಷ್ಯನ ಕಡೆ ತಿರುಗಿ, ತನ್ನ ಜೀವಮಾನದ ಅತಿ ಉದ್ದನೆಯ ಭಾಷಣ ಮಾಡಿದ.

"ಆ ಕಡೆ ಕಿಟಕೀನೂ ನೋಡ್ತೀರಾ? ಅದಕ್ಕೆ ಕೂಡಿಸಿರೋ ಚೌಕಟ್ಟಲ್ಲಿ ಒಂದು ಮೊಳೇನೂ ಹೊಡೆದಿಲ್ಲ."

ಬರೆಯುವ ಕೆಲಸ ಮುಗಿದಿತ್ತು. ಆದರೂ ಡ್ವೈಟ್ ಪೆನ್ನನ್ನು ಜೇಬಿಗೆ ಸಿಕ್ಕಿಸಿ ಅವನ ಹಿಂದೆ ಹೋದ. ಊರಿನವರೂ ಒಬ್ಬೊಬ್ಬರಾಗಿ ಹಿಂಬಾಲಿಸಿದರು. ಆರ್ಡಿಸ್ ಮಾತ್ರ, ಹೊರಗೆ ನುಗ್ಗಿದ ಕೋಳಿಗಳನ್ನು ಭಾನುವಾರದ ಕೋಟಿನ ಅಂಚಿನಿಂದ ಬೀಸಿ ಬೀಸಿ, ಉತ್ತಮ ದರ್ಜೆಯ ಕಟ್ಟಡದ ಒಳಕ್ಕೆ ಅಟ್ಟತೊಡಗಿದಳು.